ಒಂದೇ ವಿಮಾನಕ್ಕೆ ಎರಡು ಕಾಕ್‌ಪಿಟ್ಟು

ಲಿಫ್ಟ್ ರಿಪೇರಿಯವನು ಕೂತಲ್ಲಿ ಕೂರುವ ಪ್ರಾಣಿಯಲ್ಲ. ಊಟಕ್ಕೆ ಕೂತರೆ ಫ್ಯಾನಿನ ಸದ್ದು ಸರಿಯಿಲ್ಲವೆಂದು ಎದ್ದು ನಿಲ್ಲುತ್ತಾನೆ. ಬೇರೆಯವರ ಮನೆಗೆ ಹೋದರೆ ಬಾಗಿಲಿನ ತಿರುಪು ಬಿಗಿ ಮಾಡಿಯೇ ಬರುತ್ತಾನೆ, ಅವರು ಕೇಳಲಿ ಬಿಡಲಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅವನ ಅಕ್ಕ ಅನ್ನುತ್ತಾಳೆ. ಇಂಥವನು ಅಲುಗಾಡದೆ ಕೂರುವುದು ಒಂದೇ ಕಡೆ: ನೆಲಮಹಡಿಯ ಹಿಂದಿನ ಕೋಣೆಯಲ್ಲಿ ತಾನೇ ಕಟ್ಟಿಕೊಂಡ ವಿಮಾನದ ಕಾಕ್‌ಪಿಟ್ಟಿನಲ್ಲಿ. ಪ್ಲೈವುಡ್ಡಿನ ದೊಡ್ಡ ಡಬ್ಬಿ, ಮುಂದೆ ಹಳೆಯ ಟಿವಿ ಪರದೆಗಳು, ಕಾಲ ಬಳಿ ವಿಮಾನ ಹಾರಿಸುವ ಆಟ ತುಂಬಿದ ಒಂದು ಕಂಪ್ಯೂಟರು. ಕಳಚಿ ಎಸೆದ ಲಿಫ್ಟುಗಳ ಗುಂಡಿಗಳನ್ನೇ ತಂದು ಜೋಡಿಸಿದ್ದರಿಂದ, ವಿಮಾನದ ಚಕ್ರ ಇಳಿಸಬೇಕಾದರೆ ನಾಲ್ಕನೇ ಮಹಡಿಯ ಗುಂಡಿ ಒತ್ತಬೇಕು.

ಈ ಹುಚ್ಚು ಹಿಡಿಸಿದವರು ಭಾವ, ಅಂದರೆ ಅಕ್ಕನ ಗಂಡ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಾಸ. ಹಗಲೆಲ್ಲ ಸಿಟಿ ಬಸ್ಸು ಓಡಿಸಿ ಸಂಜೆ ಮನೆಯಲ್ಲಿ ವಿಮಾನ ಓಡಿಸುತ್ತಿದ್ದ ಆಸಾಮಿ. ಅವರ ಕಾಕ್‌ಪಿಟ್ಟಿನಲ್ಲಿ ಗುಜರಿಗೆ ಹೋದ ಬಸ್ಸೊಂದರ ಸೀಟಿತ್ತು, ಅದರ ಹಾರನ್ನೂ ಇತ್ತು. ಆಕಾಶದಲ್ಲಿ ಯಾರಿಗೆ ಹಾರನ್ ಹೊಡೆಯುತ್ತೀರಿ ಎಂದು ಕೇಳಿದರೆ, ಹಕ್ಕಿಗಳಿಗೆ ಎನ್ನುತ್ತಿದ್ದರು.

ಹೋದ ವರ್ಷ ಭಾವನಿಗೆ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕಾಲೂ ಬಂತು, ಬಲಗೈ ಮಾತ್ರ ಬರಲಿಲ್ಲ. ಕೆಲಸ ಹೋಯಿತು. ಕಾಕ್‌ಪಿಟ್ಟಿಗೆ ಹಳೆಯ ಹೊದಿಕೆ ಹೊದಿಸಿ, ಅದಕ್ಕೆ ಬೆನ್ನು ಹಾಕಿ ಕೂತುಬಿಟ್ಟರು.

"ಇಡೀ ದಿನ ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣೋ," ಅಕ್ಕ ಮೆಟ್ಟಿಲ ಮೇಲೆ ಅವನನ್ನು ತಡೆದು ಹೇಳಿದಳು. "ಮಾತಾಡ್ಸಿದ್ರೆ ಹೂಂ ಅಂತಾರೆ, ಕೆಲವು ಸಲ ಅದೂ ಇಲ್ಲ. ಮೊನ್ನೆ ಆ ಡಬ್ಬೀನ ಗುಜರಿಗೆ ಹಾಕು ಅಂದ್ರು. ಹೀಗೇ ಬಿಟ್ರೆ ಮನುಷ್ಯ ನಮಗೆ ಉಳಿಯಲ್ಲ. ಏನಾದ್ರೂ ಮಾಡೋ."

ಏನಾದರೂ ಮಾಡು ಅನ್ನಿಸಿಕೊಳ್ಳಲು ಕಾಯುತ್ತಿದ್ದವನಿಗೆ ಅಷ್ಟು ಸಾಕಾಯಿತು. ಎರಡೂ ಕಾಕ್‌ಪಿಟ್ಟುಗಳನ್ನು ಒಂದೇ ವಿಮಾನಕ್ಕೆ ಗಂಟು ಹಾಕಿದರೆ ಹೇಗೆ? ಭಾವ ಮೇಲೆ ಕೂತು ಎಡಗೈಯಲ್ಲಿ ಚುಕ್ಕಾಣಿ ಹಿಡಿಯಲಿ. ಎಂಜಿನ್ನು, ಚಕ್ರ ಎಂದು ಬಲಗೈ ಮಾಡಬೇಕಾದ ಕೆಲಸವನ್ನೆಲ್ಲ ಕೆಳಗಿನಿಂದ ತಾನು ನೋಡಿಕೊಳ್ಳುವುದು.

ಮರುದಿನವೇ ತನ್ನ ಕಿಟಕಿಯಿಂದ ನೀರಿನ ಪೈಪಿನ ಪಕ್ಕದಲ್ಲಿ ನೆಟ್‌ವರ್ಕ್ ಕೇಬಲ್ ಏರಿಸಿ ಭಾವನ ಕಿಟಕಿಯೊಳಗೆ ತೂರಿಸಿದ. ಕೆಲಸ ಬೇಗ ಮುಗಿಯಲೆಂದು ತನ್ನ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಹಾಗೇ ಅವರದಕ್ಕೆ ನಕಲು ಮಾಡಿದ. ಎರಡೂ ಯಂತ್ರಗಳು ಒಂದನ್ನೊಂದು ಕಣ್ಣೆತ್ತಿಯೂ ನೋಡಲಿಲ್ಲ. ಕೇಬಲ್ ಬದಲಾಯಿಸಿದ, ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದ, ಮೆಟ್ಟಿಲು ಹತ್ತಿ ಇಳಿದು ಹೈರಾಣಾದ. ಕೊನೆಗೆ ನೋಡಿದರೆ, ನಕಲು ಮಾಡುವಾಗ ನೆಟ್‌ವರ್ಕಿನ ವಿಳಾಸವೂ ನಕಲಾಗಿ, ಎರಡು ಕಂಪ್ಯೂಟರಿಗೂ ಒಂದೇ ವಿಳಾಸ ಬಿದ್ದಿತ್ತು. ತನಗೆ ತಾನೇ ಬೈದುಕೊಂಡು ಒಂದನ್ನು ಬದಲಿಸಿದ. ಎರಡೂ ಮನೆಯ ಪರದೆಯಲ್ಲಿ ಒಂದೇ ರನ್‌ವೇ ಮೂಡಿತು.

ಆಮೇಲೆ ಅವನು ಮಾಡಿದ್ದು ಯಾರಿಗೂ ಹೇಳದ ಕೆಲಸ. ಚುಕ್ಕಾಣಿ ಒಬ್ಬರ ಕೈಯಲ್ಲಿರಬೇಕೋ ಇಬ್ಬರ ಕೈಯಲ್ಲೋ ಎಂದು ಪ್ರೋಗ್ರಾಮು ಕೇಳುತ್ತದೆ. ಅವನು ಇಬ್ಬರ ಕೈಯಲ್ಲಿ ಎಂದು ಗುರುತು ಹಾಕಿಟ್ಟ. ಮೊದಲ ಸಲವೇ ವಿಮಾನ ಬಿದ್ದರೆ ಭಾವ ಮತ್ತೆ ಆ ಸೀಟಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂಬ ಭಯ.

ಅಕ್ಕ ಕಾಡಿ ಬೇಡಿ ಕೂರಿಸಿದಳು. ವಿಮಾನ ಏರಿತು. ಭಾವನ ಎಡಗೈ ಅತ್ತ ಎಳೆದಾಗಲೆಲ್ಲ ಇವನು ಕೆಳಗಿನಿಂದ ಇತ್ತ ಒಂದಿಷ್ಟು ತಿದ್ದಿದ. ರನ್‌ವೇಯ ನಟ್ಟನಡುವೆ ಇಳಿಯಿತು. ಆ ವಾರವೆಲ್ಲ ಹಾಗೇ ನಡೆಯಿತು. ಭಾವ ಎರಡನೇ ಸಲ ಅನ್ನ ಹಾಕಿಸಿಕೊಂಡರು ಎಂದು ಅಕ್ಕ ಕಣ್ಣೊರೆಸಿಕೊಂಡು ಹೇಳಿದಾಗ ಅವನಿಗೆ ಖುಷಿಯಾಯಿತು. ಆದರೆ ಕೆಲಸದ ಜಾಗದಲ್ಲಿ ಹಾಕಿದ ಬೋಲ್ಟನ್ನೇ ಮತ್ತೆ ಮತ್ತೆ ಬಿಗಿ ಮಾಡಿದ. ಹೇಳಿಬಿಡಲೇ ಎಂದು ಮೆಟ್ಟಿಲು ಹತ್ತಿದ, ಅರ್ಧಕ್ಕೇ ಇಳಿದು ಬಂದ.

ಭಾನುವಾರ ಮಧ್ಯಾಹ್ನ ವಿಮಾನ ಎಂದಿಗಿಂತ ಮೆತ್ತಗೆ ಇಳಿಯಿತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಭಾವನ ದನಿ ಬಂತು. "ಸ್ವಲ್ಪ ಮೇಲೆ ಬಾ."

ಹೋದ. ಭಾವ ಸೀಟಿನಲ್ಲೇ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ.

"ಈಗ ಇಳಿಸಿದ್ದು ಯಾರು?"

"ನೀವೇ ಅಲ್ವಾ ಭಾವ."

"ರನ್‌ವೇ ಕಾಣೋಕೆ ಮುಂಚೆನೇ ನಾನು ಕೈ ಬಿಟ್ಟಿದ್ದೆ."

ಬಾಗಿಲಲ್ಲಿದ್ದ ಅಕ್ಕ ಒಮ್ಮೆ ಗಂಡನ ಮುಖ, ಒಮ್ಮೆ ತಮ್ಮನ ಮುಖ ನೋಡಿದಳು.

"ಮೂರು ದಿನದಿಂದ ಅನುಮಾನ ಇತ್ತು," ಭಾವ ಹೇಳಿದರು. "ನಾನು ತಿರುಗಿಸಿದ್ದಕ್ಕಿಂತ ಅದು ಚೆನ್ನಾಗಿ ತಿರುಗ್ತಿತ್ತು. ನೋಡು, ಡಿಪೋದವ್ರು ನನ್ನ ಕೈಯಿಂದ ಬಸ್ಸು ಕಿತ್ಕೊಂಡ್ರು. ಆದ್ರೆ ಎದುರಿಗೆ ನಿಲ್ಸಿ ಹೇಳಿ ಕಿತ್ಕೊಂಡ್ರು."

"ಬಿದ್ರೆ ನೀವು ಮತ್ತೆ ಗೋಡೆ ನೋಡ್ಕೊಂಡು ಕೂತ್ಬಿಡ್ತೀರಾ ಅಂತ ಹೆದರ್ಕೊಂಡೆ."

"ಕೂತ್ರೆ ಕೂತೆ. ಗೋಡೆ ಸುಳ್ಳು ಹೇಳಲ್ಲ."

ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಗಿತ್ತು.

"ಹೋಗಿ ಅದೇನಿದೆಯೋ ತೆಗಿ," ಭಾವ ಪರದೆಯ ಕಡೆ ತಿರುಗಿದರು. "ಇನ್ನೊಂದ್ಸಲ ಹೋಗೋಣ. ನೀನು ಎಂಜಿನ್ ನೋಡ್ಕೋ ಸಾಕು."

ಅವನು ಕೆಳಗಿಳಿದು ಆ ಗುರುತು ತೆಗೆದ. ವಿಮಾನ ಏರಿದ್ದೇ ವಾಲಿತು. ಭಾವ ಎಡಗೈಯಲ್ಲಿ ತಡವರಿಸಿ ತಡವರಿಸಿ ಅದನ್ನು ನೆಟ್ಟಗೆ ಮಾಡಿದರು. ಕೆಳಗೆ ಕೂತವನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಚುಕ್ಕಾಣಿ ಮುಟ್ಟಿದರೂ ಈಗ ಏನೂ ಆಗದು, ಆದರೂ ಕೈ ತಾನಾಗಿ ಹೋಗುತ್ತಿತ್ತು. ಎಡಗೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತ. ರನ್‌ವೇ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಮತ್ತೆ ಬಂತು. ಬಲಕ್ಕೆ ಭಾವ, ಬಲಕ್ಕೆ ಎಂದು ಬಾಯಿವರೆಗೂ ಬಂದದ್ದನ್ನು ನುಂಗಿಕೊಂಡ. ವಿಮಾನ ಹುಲ್ಲಿಗೆ ಬಡಿಯಿತು, ಪುಟಿಯಿತು, ಮೂಗು ಮುಂದಾಗಿ ಬಿತ್ತು. ಪರದೆಗಳು ಕಪ್ಪಾದವು.

ಗಾಳಿ ಜಾಸ್ತಿ ಇತ್ತು ಎಂದು ಹೇಳಿಬಿಡೋಣ ಅನ್ನಿಸಿತು ಅವನಿಗೆ. ಹೇಳಲಿಲ್ಲ.

"ಎಷ್ಟು ಆಚೆ ಬಿದ್ವಿ?" ಭಾವ ಕೇಳಿದರು.

"ಎಡಕ್ಕೆ, ಎರಡು ಬಸ್ಸು ನಿಲ್ಲೋವಷ್ಟು. ಯಾರೂ ಉಳಿದಿಲ್ಲ ಭಾವ."

ಭಾವ ಉಸಿರು ಬಿಟ್ಟದ್ದು ಕೇಳಿಸಿತು. ಲಕ್ವ ಹೊಡೆದಾಗಿನಿಂದ ಅವರಿಗೆ ನೀರಿನ ಲೋಟ ಬೀಳಿಸಲೂ ಯಾರೂ ಬಿಟ್ಟಿರಲಿಲ್ಲ.

"ಸುಮ್ನೆ ಕೂರ್ಬೇಡ, ಮತ್ತೆ ಶುರುವಿಂದ ಹಾಕು," ಅಂದರು. "ನಂದೇ ತಪ್ಪು ಅದು. ನಾನೇ ಸರಿ ಮಾಡ್ಬೇಕು."