ಮುಳುಗುವ ಹೊಲಕ್ಕೆ ಚರಗ

ನದಿ ಹಿಂದಕ್ಕೆ ಹರಿಯುತ್ತಿತ್ತು. ನೆದರ್ಲೆಂಡ್ಸಿನ ಈ ಹಳ್ಳಿಗೆ ಬಂದ ಮರುದಿನ ಮುಂಜಾನೆ ನದಿಯ ಏರಿ ಹತ್ತಿ ನಿಂತಾಗ ನಾನು ಮೊದಲು ಕಂಡದ್ದು ಅದನ್ನೇ. ಹಿಂದಿನ ಸಂಜೆ ಬಸ್ಸಿನಿಂದ ಇಳಿದಾಗ ಕಡಲ ಕಡೆ ಹೋಗುತ್ತಿದ್ದ ನೀರು, ಈಗ ಒಂದು ಮರದ ದಿಮ್ಮಿಯನ್ನು ಹೊತ್ತುಕೊಂಡು ಊರ ಕಡೆ ವಾಪಸು ಬರುತ್ತಿತ್ತು. ನನಗೇ ದಿಕ್ಕು ತಪ್ಪಿತೇನೋ ಎಂದು ಸೂರ್ಯನನ್ನು ನೋಡಿದೆ. ಅವನು ಇರಬೇಕಾದಲ್ಲೇ ಇದ್ದ. ಭರತ ಇಳಿತಗಳ ಬಗ್ಗೆ ಪುಸ್ತಕ ಓದಿ, ಪರೀಕ್ಷೆ ಪಾಸಾಗಿ, ಅದೇ ಕೆಲಸಕ್ಕೆಂದು ವಿಮಾನ ಹತ್ತಿ ಬಂದವಳು ನಾನು. ಆದರೂ ಆ ದಿಮ್ಮಿ ಕಣ್ಣಿಗೆ ಮರೆಯಾಗುವತನಕ ನೋಡುತ್ತ ನಿಂತೆ. ನಮ್ಮ ಮಲಪ್ರಭೆ ತುಂಬುತ್ತಾಳೆ, ಬತ್ತುತ್ತಾಳೆ, ರಾಮದುರ್ಗದಲ್ಲಿ ನಮ್ಮಕ್ಕನ ಅಡುಗೆಮನೆಗೂ ಒಮ್ಮೆ ನುಗ್ಗಿದ್ದಾಳೆ. ಹೋದವಳು ತಿರುಗಿ ಬಂದದ್ದನ್ನು ಮಾತ್ರ ನಮ್ಮಲ್ಲಿ ಯಾರೂ ಕಂಡಿಲ್ಲ.

ನದಿ ಕಡಲನ್ನು ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಕಡಲು ಕಾಣದ ನಮ್ಮೂರು ದೊಡವಾಡದಲ್ಲಿ ಆ ಮಾತಿನ ಬಳಕೆಯೇ ಇಲ್ಲ. ಅಳಿವೆಯ ಆಕಾರ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ, ಎಲ್ಲಿ ಕೆಸರು ಕೂಡುತ್ತದೆ, ಎಲ್ಲಿ ದಂಡೆ ಕೊರೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನದಿಯನ್ನೆಲ್ಲ ಸಣ್ಣ ಸಣ್ಣ ಚೌಕ ಮಾಡಿ, ಒಂದೊಂದು ಚೌಕಕ್ಕೆ ಎಷ್ಟು ನೀರು ಬಂತು, ಎಷ್ಟು ಮಣ್ಣು ಬಿಟ್ಟು ಹೋಯಿತು ಎಂದು ಕೂಡಿಸುತ್ತ ಕಳೆಯುತ್ತ ಹೋಗಬೇಕು. ಮೊಮ್ಮಕ್ಕಳ ಕಾಲದ ನದಿ ಇವತ್ತೇ ಪರದೆಯ ಮೇಲೆ ಕಾಣುತ್ತದೆ. ಮೊದಮೊದಲು ಅದನ್ನು ನೋಡಲು ನನಗೆ ಭಯವೇ ಆಗುತ್ತಿತ್ತು.

ಮನೆ ಸಿಕ್ಕಿದ್ದು ಪೀಟರ್ ಎಂಬ ರೈತರ ಅಂಗಳದಲ್ಲಿ. ಹಿಂದೆ ಅವರ ಆಳುಮಗ ಇದ್ದ ಎರಡು ಕೋಣೆಗಳ ಮನೆ. ಅವರಿಗೆ ಅರವತ್ತು ದಾಟಿದೆ, ಒಬ್ಬರೇ ಇರುತ್ತಾರೆ, ಮಾತು ಬಲು ಕಡಿಮೆ. ವಾರಕ್ಕೊಮ್ಮೆ ನನ್ನ ಬಾಗಿಲಲ್ಲಿ ಒಂದು ಬುಟ್ಟಿ ಉಳ್ಳಾಗಡ್ಡಿ ಇಟ್ಟು ಹೋಗುತ್ತಿದ್ದರು. ಬೈಲಹೊಂಗಲದ ಪೇಟೆಯಲ್ಲಿ ಇಂಥ ಗಡ್ಡೆ ಬಂದರೆ ದಲಾಲರು ಮುಗಿಬಿದ್ದಾರು. ಪ್ರತಿಯಾಗಿ ನಾನು ಗುರೆಳ್ಳು ಚಟ್ನಿ ಕೊಟ್ಟೆ. ಅವರು ಅದನ್ನು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದು ಚಮಚ ಕೇಳಿದರು. ಆ ಪರದೇಶದಲ್ಲಿ ನಾನು ಗೆದ್ದ ಮೊದಲ ಆಟ ಅದು. ಭಾನುವಾರಗಳಂದು ಮಾತ್ರ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುತ್ತಿತ್ತು, ಆಗ ನನ್ನ ದನಿ ನನಗೇ ಕೇಳಲೆಂದು ಜೋರಾಗಿ ಮಗ್ಗಿ ಹೇಳಿಕೊಂಡದ್ದೂ ಉಂಟು.

ಅವರ ಹೊಲ ನದಿಯ ಮಗ್ಗುಲಿಗೇ ಇತ್ತು. ಇಲ್ಲಿ ಅಂಥ ಹೊಲಕ್ಕೆ ಪೋಲ್ಡರ್ ಎನ್ನುತ್ತಾರೆ: ಹಿಂದಿನವರು ಕಡಲ ಕೆಸರಿಗೆ ಸುತ್ತ ಏರಿ ಹಾಕಿ, ನೀರು ಹೊರಗೆ ಹಾಕಿ ಮಾಡಿಕೊಂಡ ಭೂಮಿ. ಆ ಏರಿಗೆ ಡೈಕ್ ಎಂದು ಹೆಸರು. ಭರತದ ಹೊತ್ತು ಡೈಕಿನ ಮೇಲೆ ನಿಂತರೆ ಒಂದು ಮಗ್ಗುಲಿನ ನೀರು ಇನ್ನೊಂದು ಮಗ್ಗುಲಿನ ಹೊಲಕ್ಕಿಂತ ಎತ್ತರದಲ್ಲಿರುತ್ತದೆ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ನಿಜವಾಗಿ ದಂಗಾದದ್ದು ಕೆಲಸ ಏನೆಂದು ತಿಳಿದಾಗ. ಏರಿಗಳಿಂದ ನದಿ ಇಕ್ಕಟ್ಟಾಗಿ, ಬಿರುಗಾಳಿಯ ದಿನ ಮೇಲಿನ ಪಟ್ಟಣಕ್ಕೆ ನೀರು ಏರುತ್ತದೆ. ಎಲ್ಲಾದರೂ ಒಂದು ಕಡೆ ಏರಿಯನ್ನು ಬೇಕೆಂದೇ ಒಡೆದು ಹೊಲವನ್ನು ಕಡಲಿಗೆ ಬಿಟ್ಟರೆ, ನೀರು ಅಲ್ಲಿ ಹರಡಿ ಪಟ್ಟಣ ಉಳಿಯುತ್ತದೆ. ಎಲ್ಲಿ ಒಡೆಯಬೇಕು ಎಂಬುದು ನನ್ನ ಲೆಕ್ಕ. ಮತ್ತೆ ಮತ್ತೆ ಹಾಕಿ ನೋಡಿದೆ. ಪ್ರತಿಸಲವೂ ಉತ್ತರ ಒಂದೇ: ಪೀಟರ್ ಅವರ ಹೊಲ.

ನಾನೇ ನಕ್ಷೆ ಹಿಡಿದು ಹೋಗಿ ಅವರಿಗೆ ತಿಳಿಸಿದೆ. ನಮ್ಮ ಓಣಿಯಲ್ಲಿ ಗೇಣು ಬದುವಿಗಾಗಿ ಕೋರ್ಟು ಹತ್ತಿ, ಒಡಹುಟ್ಟಿದವರು ಸತ್ತರೂ ಮಣ್ಣಿಗೆ ಹೋಗದವರಿದ್ದಾರೆ. ಹಾಗಾಗಿ ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ "ಡೌಡೆಲಿಕ್" ಎಂದರು. ಅಂದರೆ, ತಿಳಿಯಿತು, ಸ್ಪಷ್ಟವಾಯಿತು ಎಂದು. ಅಷ್ಟೇ. ಮುಂದಿನ ವಾರವೂ ಬಾಗಿಲಲ್ಲಿ ಉಳ್ಳಾಗಡ್ಡಿ ಇತ್ತು. ಬೈದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಏರಿ ಒಡೆಯುವುದು ಮುಂದಿನ ವರ್ಷದ ಹಿಂಗಾರಿಗೆ ಎಂದು ನಿಗದಿಯಾಯಿತು. ಹುಣ್ಣಿಮೆ ಅಮಾವಾಸ್ಯೆಗೆ ಭರತ ಜೋರು, ಹಾಗಾಗಿ ಒಂದು ಹುಣ್ಣಿಮೆಯ ಬೆನ್ನಿಗೇ ದಿನ ಗೊತ್ತುಮಾಡಿದರು. ಅದು ಯಾವ ಹುಣ್ಣಿಮೆ ಎಂದು ನಾನು ನೋಡಿರಲಿಲ್ಲ. ಆ ದಿನ ಹತ್ತಿರ ಬಂದ ಹೊತ್ತಿಗೇ ಅವ್ವ ಬಂದಿಳಿದಳು, ಮಗಳ ಬಾಳುವೆ ನೋಡಲು. ಅಪ್ಪ ಎತ್ತು ಬಿಟ್ಟು ಬರಲಾರೆ ಎಂದು ಅಣ್ಣನ ಜೊತೆ ಊರಲ್ಲೇ ಉಳಿದಿದ್ದ.

ಅವ್ವನಿಗೆ ನಾನು ಹೊಲದ ವಿಷಯ ಹೇಳಿರಲಿಲ್ಲ. ಹೇಳುವುದು ಹೇಗೆ? ಅವಳ ತವರು ಸವದತ್ತಿಯ ಹತ್ತಿರ, ಮಲಪ್ರಭೆಯ ಡ್ಯಾಮಿನ ನೀರಿನಡಿ ಇದೆ. ಅವಳಿನ್ನೂ ಪರಕಾರ ಉಡುವ ಸಣ್ಣ ಹುಡುಗಿಯಾಗಿದ್ದಾಗ ಒಬ್ಬ ಅಧಿಕಾರಿ ಸರಪಳಿ ಹಿಡಿದು ಬಂದು, ಅಳೆದು, ಗೂಟ ಹೊಡೆದು ಹೋದನಂತೆ. ಆಮೇಲೆ ನೀರು ಬಂತು. ನಮ್ಮಜ್ಜಿ ಅವನಿಗೆ ಸರಪಳಿ ಸಾಹೇಬ ಎಂದು ಹೆಸರಿಟ್ಟು ಸಾಯುವತನಕ ಶಪಿಸಿದಳು. ನಾವು ಹಟ ಮಾಡಿದರೆ "ಸರಪಳಿ ಸಾಹೇಬ ಬಂದಾನ" ಎಂದು ಹೆದರಿಸುತ್ತಿದ್ದಳು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಊರಿನ ನೆಲ ಕಂಡಾಗ ಅವ್ವ ಈಗಲೂ ಹೋಗಿ ಒಂದು ಗಳಿಗೆ ಕೂತು ಬರುತ್ತಾಳೆ.

ಬಂದ ನಾಲ್ಕನೆಯ ದಿನಕ್ಕೇ ಅವ್ವ ಕೇಳಿದಳು, "ನಾಳಿಗಿ ಶೀಗಿ ಹುಣ್ಣಿವಿ ಐತಿ. ಇಲ್ಲಿ ಯಾರ ಹೊಲದಾಗ ಚರಗ ಚೆಲ್ಲೂಣು?" ಏರಿ ಒಡೆಯಲು ಗೊತ್ತುಮಾಡಿದ್ದ ಹುಣ್ಣಿಮೆ ಅದೇ ಎಂದು ನನಗೆ ಆಗ ಹೊಳೆಯಿತು. ನಮ್ಮ ಕಡೆ ಆ ಹುಣ್ಣಿಮೆಗೆ ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸಲು ಕಡುಬು, ರೊಟ್ಟಿ, ಪಲ್ಯ, ಅನ್ನ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ.

ಅಂಗಳದಿಂದ ಕಾಣುತ್ತಿದ್ದದ್ದು ಅದೊಂದೇ ಹೊಲ. ಪೀಟರ್ ಒಪ್ಪಿದರು. ಪೂಜೆಗೆ ಐದು ಕಲ್ಲು ಬೇಕಿತ್ತು. ಕಡಲು ಹಾಸಿದ ಮಣ್ಣಿನಲ್ಲಿ ಕಲ್ಲೆಲ್ಲಿಯದು? ಹುಡುಕಿ ಹುಡುಕಿ ಸಾಕಾಗಿ ಅವ್ವ, ಬೆಳೆ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದಿದ್ದ ಐದು ಆಲೂಗಡ್ಡೆಗಳನ್ನು ಸಾಲಾಗಿ ಇಟ್ಟು ಅರಿಷಿಣ ಕುಂಕುಮ ಹಚ್ಚಿದಳು. ಮಣ್ಣನ್ನು ಹಿಡಿಯಲ್ಲಿ ಹಿಸುಕಿ, "ಎರಿ ಹೊಲಾನ ಐತೆಲ್ಲ ಇದು" ಎಂದು, ನಮ್ಮೂರ ಕಪ್ಪು ಮಣ್ಣನ್ನೇ ಕಂಡವಳ ಹಾಗೆ ಹಿಗ್ಗಿದಳು. ಸೆರಗು ಸಿಕ್ಕಿಸಿಕೊಂಡು ಹೊಲದ ಉದ್ದಕ್ಕೂ ನಡೆದು ಚರಗ ಚೆಲ್ಲಿದಳು. ಡೈಕಿನ ಮೇಲೆ ಪೀಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

"ಹಿಂಗಾರಿಗೆ ಏನ ಬಿತ್ತತಾರವಾ ಇಲ್ಲಿ?" ಎಂದಳು ಅವ್ವ.

"ಬಿತ್ತೂದಿಲ್ಲವಾ."

"ಯಾಕ? ಬೀಳ ಬಿಡ್ತಾರೇನ ಇಂಥಾ ಹೊಲಾ?"

"ಈ ವಾರ ಏರಿ ಒಡೀತಾರ. ಸಮುದ್ರದ ನೀರ ಒಳಗ ಬಿಡ್ತಾರ."

ಅವ್ವನ ಕೈಯಲ್ಲಿ ಚರಗದ ಬುಟ್ಟಿ ಹಾಗೇ ಇತ್ತು. "ಬೆಳಿ ಬರೂ ಹೊಲಾನ? ಯಾಂವ ಹೇಳಿದಾ ಒಡೀರಿ ಅಂತ?"

"ಲೆಕ್ಕಾ ಮಾಡಿದಾಕಿ ನಾನ," ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ. "ಹಂಗಾರ ಸರಪಳಿ ಸಾಹೇಬ ನೀನ," ಎಂದಳು. ದನಿ ಏರಿಸಲಿಲ್ಲ. ಪಟ್ಟಣ ಉಳಿಯುತ್ತದೆ, ಜನ ಉಳಿಯುತ್ತಾರೆ ಎಂದು ನಾನು ಏನೇನೋ ಹೇಳಿದೆ. ಡ್ಯಾಮು ಕಟ್ಟುವಾಗಲೂ ಹಾಗೇ ಹೇಳಿದ್ದರು ಎಂದಳು. ಆ ದಿನ ಅವಳು ತಾನೇ ಮಾಡಿದ ಕಡುಬನ್ನು ಬಾಯಿಗೂ ಇಡಲಿಲ್ಲ. ಹೆತ್ತವಳ ಕಣ್ಣಿನಲ್ಲಿ ನಾನು ಅಜ್ಜಿಯ ಶಾಪದ ಮನುಷ್ಯನಾಗಿದ್ದೆ. ಆ ಪೆಟ್ಟು ಇನ್ನೂ ಮಾಗಿಲ್ಲ.

ಮರುದಿನ ಮುಂಜಾನೆ ಅವ್ವ ಸ್ನಾನ ಮಾಡಿ, ಕುಂಕುಮ ಹಚ್ಚಿಕೊಂಡು, ತಲೆತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ನಡಿ, ಆ ಹೊಲದ ಅಣ್ಣನ್ನ ಮಾತಾಡ್ಸಿಕೊಂಡು ಬರೂಣು."

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ಮಾತಾಡಿಸುವುದು ಎನ್ನುತ್ತೇವೆ. ಹೊಲಕ್ಕಾಗಿ ಯಾರೂ ಮಾತಾಡಿಸಲು ಹೋದದ್ದನ್ನು ನಾನು ಕೇಳಿರಲಿಲ್ಲ.

"ನಾ ಆಗಲೇ ಹೋಗಿ ಹೇಳಿ ಬಂದೇನವಾ."

"ಹೇಳಾಕ ಹೋಗಿದ್ದಿ. ಕುಂದರಾಕ ಹೋಗಿಲ್ಲ."

ಪೀಟರ್ ಕಾಫಿ ತಂದಿಟ್ಟರು. ಅವ್ವ ಮುಟ್ಟಲಿಲ್ಲ, ನನಗೂ ಕಣ್ಣಿನಲ್ಲೇ ಬೇಡವೆಂದಳು. ಸಾವಿನ ಮನೆಯಲ್ಲಿ ಏನೂ ತೆಗೆದುಕೊಳ್ಳಬಾರದು. ನಾನು ನನ್ನ ಹರಕು ಡಚ್ಚಿನಲ್ಲಿ ಹೇಳಿದೆ: ನಮ್ಮ ಊರಲ್ಲಿ ಯಾರಾದರೂ ಸತ್ತರೆ ಅವರ ಮನೆಗೆ ಹೋಗಿ ಕೂರುತ್ತೇವೆ, ನಮ್ಮವ್ವ ನಿಮ್ಮ ಹೊಲಕ್ಕಾಗಿ ಕೂರಲು ಬಂದಿದ್ದಾಳೆ. ಅವರು ಕುರ್ಚಿ ಎಳೆದುಕೊಂಡು ಅವ್ವನ ಎದುರು ಕೂತರು.

"ಯಾರ ಮಾಡಿದ ಹೊಲಾ ಅಂತ ಕೇಳವಾ," ಎಂದಳು ಅವ್ವ.

ಕೇಳಿದೆ. ವರ್ಷವಿಡೀ ನನ್ನ ಜೊತೆ ಹತ್ತು ಮಾತು ಆಡದ ಮನುಷ್ಯ ಬಾಯಿ ಬಿಟ್ಟರು. ಅವರ ತಂದೆಯ ಕಾಲದಲ್ಲಿ ಬಿರುಗಾಳಿಗೆ ಡೈಕ್ ಒಡೆದು ಹೊಲವೆಲ್ಲ ಉಪ್ಪಾಗಿತ್ತಂತೆ. ತಂದೆ ಪ್ರತಿ ಬಿತ್ತನೆಗೂ ಮೊದಲು ಚೂರು ಮಣ್ಣು ನಾಲಿಗೆಗೆ ಹಚ್ಚಿ, ಉಪ್ಪು ಹೋಯಿತೇ ಎಂದು ನೋಡುತ್ತಿದ್ದರಂತೆ. ಹೋದ ವರ್ಷ ಕಂಡ ನನ್ನ ನಕ್ಷೆಯಲ್ಲಿ ಆ ಮಣ್ಣು ಬರೀ ನೀಲಿ ಬಣ್ಣವಾಗಿತ್ತು ಎಂದರು. ಆಮೇಲೆ ಅವರ ಮಾತು ಹಳ್ಳಿಯ ಡಚ್ಚಿಗೆ ಇಳಿಯಿತು, ನನಗೆ ಅರ್ಧವೂ ತಿಳಿಯಲಿಲ್ಲ. ಅವರು ಅತ್ತರು. ಅವ್ವನೂ ಅತ್ತಳು, ತವರಿನ ಬನ್ನಿಗಿಡದ ಬಗ್ಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಇಬ್ಬರೂ ನನ್ನ ಅನುವಾದಕ್ಕೆ ಕಾಯಲಿಲ್ಲ. ನಾನು ನಡುವೆ ಬೊಂಬೆಯ ಹಾಗೆ ಕೂತಿದ್ದೆ.

ಎದ್ದಾಗ ಅವ್ವ ಒಂದು ಮಾತೂ ಆಡದೆ ಹೊರಗೆ ನಡೆದಳು. ಸಾವಿನ ಮನೆಯಿಂದ ಹೊರಡುವಾಗ "ಬರತೇನಿ" ಎನ್ನಬಾರದು, ಮತ್ತೊಂದು ಸಾವಿಗೆ ಬರುವ ಮಾತಾಗುತ್ತದೆ. ಮುಳುಗಿದ ತವರಿಗೆ ಹೋದಾಗಲೂ ಅವಳು ಹಾಗೇ ಎದ್ದು ಬರುತ್ತಾಳೆ. ಅಂಗಳದಲ್ಲಿ ನನ್ನ ಕೈ ಹಿಡಿದುಕೊಂಡು, "ಸರಪಳಿ ಸಾಹೇಬ ಒಂದಿನಾನೂ ನಮ್ಮ ಮನಿಯಾಗ ಕುಂದರಲಿಲ್ಲ. ನೀ ಕುಂತಿ," ಎಂದಳು. ಏರಿಯ ಕಡೆ ನೋಡಿ, "ನೀರ ಬರೂದೇನ ಬಿಡೂದಿಲ್ಲ," ಎಂದಳು.

ನೀರು ಬಂತು. ಯಂತ್ರ ಏರಿಯನ್ನು ಸೀಳಿದಾಗ ಮೊದಲು ಕಾಲುವೆಯಷ್ಟು, ಆಮೇಲೆ ಹೊಳೆಯಷ್ಟು. ಐದು ಆಲೂಗಡ್ಡೆಗಳು ಇದ್ದ ಜಾಗ ನೋಡನೋಡುತ್ತ ಮುಳುಗಿತು. ನೀರು ಹರಡಿದ್ದು ಅಚ್ಚು ನನ್ನ ಲೆಕ್ಕದ ಹಾಗೆಯೇ. ನನಗೆ ಅಭಿನಂದನೆ ಹೇಳಿದವರೂ ಇದ್ದರು.

ಅವ್ವ ಊರಿಗೆ ಹೋಗಿ ತಿಂಗಳುಗಳಾದವು. ಹೊಲದಲ್ಲಿ ಈಗ ದಿನಕ್ಕೆರಡು ಸಲ ಕಡಲು ಬಂದು ಹೋಗುತ್ತದೆ. ಬಿಟ್ಟು ಹೋದ ನುಣುಪು ಕೆಸರಿಗೆ ಇಲ್ಲಿಯವರು ಸ್ಲಿಕ್ ಎನ್ನುತ್ತಾರೆ. ಅದರ ಮೇಲೆ ಹಕ್ಕಿಗಳು ಇಳಿಯುತ್ತಿವೆ. ಮುಂದೆ ಆ ಕೆಸರೇ ಎತ್ತರವಾಗುತ್ತ ಹೋಗಿ ಹುಲ್ಲು ಹಿಡಿಯುತ್ತದೆ ಎಂದು ನನ್ನ ಲೆಕ್ಕ ಹೇಳುತ್ತದೆ. ಸಂಜೆ ಪೀಟರ್ ಮತ್ತು ನಾನು ಹೊಲಕ್ಕೂ ಊರಿಗೂ ನಡುವೆ, ಊರು ಕಾಯಲು ಹಾಕಿದ ಒಳಗಿನ ಡೈಕಿನ ಮೇಲೆ ನಿಲ್ಲುತ್ತೇವೆ. ಮೊನ್ನೆ ಹೊರಡುವಾಗ, ನೀರಿನ ಕಡೆ ನೋಡುತ್ತ, ನನ್ನ ಬಾಯಿಂದ "ಬರತೇನಿ" ಎಂದು ಬಂದುಬಿಟ್ಟಿತು. ಗಾಬರಿಯಾಗಿ ಮನೆಗೆ ಬಂದವಳೇ ಅವ್ವನಿಗೆ ಫೋನ್ ಮಾಡಿ ಹೇಳಿದೆ.

ಫೋನಿನಲ್ಲಿ ಅವಳ ಹಿಂದೆ ದೊಡವಾಡದ ಎಮ್ಮೆಯ ಕೂಗು ಕೇಳುತ್ತಿತ್ತು.

"ಅನ್ನು ಬಿಡವಾ," ಎಂದಳು ಅವ್ವ. "ಅಲ್ಲೇ ಇರಾಕಿ ನೀ."

ಅವಳಿಗೆ ಬರತೇನಿ ಎಂದು ಹೇಳಿಯೇ ಫೋನ್ ಇಡುವುದು ನನ್ನ ರೂಢಿ. ಅವತ್ತು ನಾನು ಅದನ್ನು ಹೇಳುವ ಮೊದಲೇ ಅವ್ವ ಫೋನ್ ಇಟ್ಟಿದ್ದಳು.