ಮುಖ ಕೆಳಗಿಟ್ಟು ಕೇಳಿದ ಕಾದಂಬರಿ

ಎಂಟನೇ ತರಗತಿಯ ಕನ್ನಡ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಎಡಗಣ್ಣಿನಲ್ಲಿ ಮಸಿಯ ಚೂರುಗಳು ತೇಲಿದವು. ಒರೆಸಿಕೊಂಡೆ. ಹೋಗಲಿಲ್ಲ. ಮಾರನೆಯ ದಿನ ಮೂಗಿನ ಕಡೆಯಿಂದ ಕಪ್ಪು ಪರದೆಯೊಂದು ಸರಿಯುತ್ತಾ ಬಂತು.

“ರೆಟಿನಾ ಬಿಟ್ಕೊಂಡಿದೆ. ತಡ ಮಾಡೋ ಹಾಗಿಲ್ಲ,” ಎಂದರು ಶಿವಮೊಗ್ಗದ ಡಾಕ್ಟರ್.

ನನ್ನ ಬಲಗಣ್ಣು ಚಿಕ್ಕಂದಿನಿಂದಲೇ ಮಂದ. ಓದುತ್ತಿದ್ದುದೆಲ್ಲ ಎಡಗಣ್ಣಿನಿಂದ.

ಸರ್ಜರಿಯಲ್ಲಿ ಕಣ್ಣಿನೊಳಗೆ ಗ್ಯಾಸ್ ತುಂಬಿದರು. ಅದು ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ಹತ್ತು ದಿನ ಮುಖ ಕೆಳಗಿಟ್ಟುಕೊಂಡೇ ಇರಬೇಕು, ಉಣ್ಣುವಾಗಲೂ, ಮಲಗುವಾಗಲೂ. ಶಿಕಾರಿಪುರದ ಮನೆಯಲ್ಲಿ ಮೇಜಿನ ಅಂಚಿಗೆ ದಿಂಬಿಟ್ಟು ಹಣೆಯೂರಿ ಕುಳಿತೆ. ಕುತ್ತಿಗೆ ಸೆಟೆದುಕೊಂಡಿತು. ಜಗತ್ತೆಂದರೆ ಕೆಂಪು ನೆಲ, ನನ್ನ ಪಾದ, ಆಗಾಗ ಬಂದು ನಿಲ್ಲುವ ಗಂಡನ ಪಾದ.

ಮೂರನೇ ದಿನ ಅತ್ತುಬಿಟ್ಟೆ.

ನನ್ನ ಗಂಡನದು ಪಂಪ್‌ಸೆಟ್ ರಿಪೇರಿ ಅಂಗಡಿ. ಪೇಪರ್ ಬಿಟ್ಟರೆ ಬೇರೇನೂ ಓದಿದವರಲ್ಲ. ಅಂದು ಅಂಗಡಿ ಬಾಗಿಲು ಹಾಕಿ ಬಂದವರು, ನಾನು ಆಗಷ್ಟೇ ಶುರುಮಾಡಿದ್ದ ಕಾದಂಬರಿಯನ್ನು ಕೈಗೆತ್ತಿಕೊಂಡರು.

“ಎಲ್ಲಿಂದ ಓದ್ಲಿ?”

“ಮೊದಲಿಂದಾನೇ ಓದ್ರಿ. ನಿಮಗೂ ಗೊತ್ತಾಗ್ಲಿ.”

ದೋಣಿ ನಡೆಸುವವನ ಹದಿನಾಲ್ಕರ ಮಗಳು ಬೆಳೆಯುವ ಕಥೆ ಅದು. ಮೊದಲ ಪುಟಗಳಲ್ಲಿ ಅವಳು ನನಗೆ ಜಂಬದವಳೆನಿಸಿದಳು. ಅವರಿಗೆ ಹೆದರುಪುಕ್ಕಲಿ ಎನಿಸಿದಳು. ತಡವರಿಸುತ್ತಾ ಓದುತ್ತಿದ್ದರು. ಅಧ್ಯಾಯ ಮುಗಿದೊಡನೆ ಮುಂದೇನು ಎಂದು ಇಬ್ಬರೂ ಊಹಿಸುತ್ತಿದ್ದೆವು. ಸೋದರಮಾವ ಅವಳನ್ನು ಓದಿಸುತ್ತಾನೆ ಎಂದೆ ನಾನು. “ಅವನು ನಂಬೋ ಆಸಾಮಿ ಅಲ್ಲ ಬಿಡು,” ಎಂದರು. ಅವರ ಮಾತೇ ನಿಜವಾಯಿತು. ಕನ್ನಡ ಟೀಚರಾದ ನಾನೇ ಸೋತಿದ್ದೆ!

ಐದನೇ ಅಧ್ಯಾಯದ ಕೊನೆಗೆ ಹುಡುಗಿ ಚೀಲ ಹಿಡಿದು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತಳು.

“ಹತ್ತುತ್ತಾಳೆ,” ಎಂದೆ.

“ಇಲ್ಲ. ಮನೆಗೆ ವಾಪಸ್ ಹೋಗ್ತಾಳೆ.”

“ಅಷ್ಟು ಗ್ಯಾರಂಟಿ ಹೆಂಗ್ರೀ ಹೇಳ್ತೀರಿ?”

ಅವರ ಪಾದಗಳು ಕುರ್ಚಿಯಡಿ ಸರಿದವು.

“ನಾನೂ ಹಂಗೇ ನಿಂತಿದ್ದೆ, ಸೊರಬದ ಬಸ್‌ಸ್ಟ್ಯಾಂಡಲ್ಲಿ. ಅಪ್ಪ ತೀರಿಕೊಂಡ ವರ್ಷ. ಹುಬ್ಬಳ್ಳಿಗೆ ಹೋಗಿ ಐಟಿಐ ಸೇರ್ಬೇಕಂತ. ಬಸ್ಸೂ ಬಂತು. ಅಮ್ಮ ಉಣ್ಣದೆ ಕಾಯ್ತಾಳೆ ಅನ್ನಿಸ್ತು. ಬಂದ್ಬಿಟ್ಟೆ.”

ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ಮಾತು ಕೇಳಿರಲಿಲ್ಲ.

ಅವರ ಮುಖ ನೋಡಬೇಕೆನಿಸಿತು. ತಲೆ ಎತ್ತುವಂತಿರಲಿಲ್ಲ. ನಾನು ನೋಡುವಂತಿದ್ದರೆ ಅವರು ಹೇಳುತ್ತಲೇ ಇರಲಿಲ್ಲವೇನೋ. ಕೈ ಚಾಚಿದೆ. ಮೊಣಕಾಲು ಸಿಕ್ಕಿತು, ಹಿಡಿದುಕೊಂಡೆ.

“ಮುಂದೆ ಓದ್ರಿ.”

ಹುಡುಗಿ ಬಸ್ ಹತ್ತಿದಳು. ಆ ಸಾಲನ್ನು ಅವರು ಎರಡು ಸಲ ಓದಿದರು. “ಗಟ್ಟಿಗಿತ್ತಿ!” ಎಂದು ನಕ್ಕರು. ಅದು ಸೋತವರ ನಗುವಾಗಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಡಾಕ್ಟರ್ ಪರೀಕ್ಷಿಸಿ, “ರೆಟಿನಾ ಸರಿಯಾಗಿ ಕೂತ್ಕೊಂಡಿದೆ. ದೃಷ್ಟಿ ಎಷ್ಟು ಬರುತ್ತೋ ನಿಧಾನಕ್ಕೆ ನೋಡೋಣ ರೀ,” ಎಂದರು. ಈಗ ದಪ್ಪಕ್ಷರ ಓದಬಲ್ಲೆ. ಸಣ್ಣ ಅಕ್ಷರದ ಸಾಲುಗಳು ಇನ್ನೂ ಅಲೆಯಂತೆ ಬಾಗುತ್ತವೆ. ಮೊದಲಿನಷ್ಟು ಬರದೇ ಇರಬಹುದು. ಅದಕ್ಕೆ ಮನಸ್ಸು ಸಿದ್ಧವಾಗುತ್ತಿದೆ.

ಸಂಜೆ ಅವರು ಕೈಯ ಗ್ರೀಸ್ ತೊಳೆದು ಬಂದು ಕೂರುತ್ತಾರೆ. ಕಾದಂಬರಿ ಇನ್ನೂ ಅರ್ಧ ಉಳಿದಿದೆ. ಅಪ್ಪನನ್ನು ನೋಡಲು ಹುಡುಗಿ ಒಮ್ಮೆಯಾದರೂ ಊರಿಗೆ ಬಂದೇ ಬರುತ್ತಾಳೆ ಎನ್ನುತ್ತೇನೆ ನಾನು. ಅವರು ಒಪ್ಪುವುದಿಲ್ಲ.

“ಹೋಗ್ಲಿ ಬಿಡೇ,” ಎನ್ನುತ್ತಾರೆ. “ಇನ್ನೂ ಸ್ವಲ್ಪ ದೂರ ಹೋಗ್ಲಿ.”