ಪಟ್ಟಿಗೆ ಸೇರದ ಮೂವತ್ತೆಂಟು ಮನೆ

ಸೊರಬದ ಒಂದು ಆರೋಗ್ಯ ಟ್ರಸ್ಟಿನ ಶಾಖೆಯಲ್ಲಿ ಸರ್ವಮಂಗಳ ನಾಲ್ಕು ವರ್ಷಗಳಿಂದ ಹೆಸರುಗಳನ್ನು ಬೆರಳಚ್ಚಿಸುತ್ತಿದ್ದಳು. ಕಾಡಿನ ಉಣ್ಣೆಗಳು ಕಚ್ಚಿ ಹರಡುವ ಮಂಗನ ಕಾಯಿಲೆಯ ಲಸಿಕೆ ಯಾವ ಮನೆಯಲ್ಲಿ ಎಷ್ಟು ಮಂದಿಗೆ ಬೇಕು ಎಂಬ ಪಟ್ಟಿ ಅವಳ ಹೊಣೆ. ಅವಳ ಮುಂದಿದ್ದದ್ದು ಬರಿಯ ಪರದೆ ಮತ್ತು ಕೀಲಿಮಣೆ; ಕಂಪ್ಯೂಟರ್ ಇದ್ದದ್ದು ಶಿಕಾರಿಪುರದ ಮುಖ್ಯ ಕಚೇರಿಯಲ್ಲಿ. ನಡುವಿನ ದಾರಿಯನ್ನು ರೇಡಿಯೋ ಅಲೆಗಳು ದಾಟಿಸುತ್ತಿದ್ದವು, ಮನಸ್ಸು ಬಂದಾಗ.

ಮೊದಮೊದಲು ಸಂಪರ್ಕ ಕಡಿದರೆ ಅರ್ಧ ಬರೆದದ್ದೆಲ್ಲ ಅಳಿದುಹೋಗುತ್ತಿತ್ತು. ಆ ಕಂಪ್ಯೂಟರನ್ನು ನೋಡಿಕೊಳ್ಳುವ ತೋಟಪ್ಪ 1996ರಲ್ಲಿ ಅದಕ್ಕೊಂದು ಉಪಾಯ ಹೂಡಿದ.

"ಸಿಗ್ನಲ್ ಹೋದ್ರ ಹೋಗ್ಲಿ ಬಿಡ್ರೀ ಮೇಡಮ್ಮೋರೆ. ನಿಮ್ ಕೆಲ್ಸ ಇಲ್ಲೇ ನಿಮ್ ದಾರಿ ಕಾಯ್ಕೋತ ಕುಂತಿರ್ತದ."

ಮಾತು ನಿಜವಾಯಿತು. ಸಂಪರ್ಕ ಮರಳಿದಾಗ ಬಿಟ್ಟ ಅಕ್ಷರದ ಮುಂದೆಯೇ ಕರ್ಸರ್ ಮಿನುಗುತ್ತಿರುತ್ತಿತ್ತು. ವರ್ಷವಿಡೀ ಫಲಿಸಿದ ಉಪಾಯ ಯಾವ ಆಧಾರದ ಮೇಲೆ ನಿಂತಿದೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುವರ್ಷ ನವೆಂಬರಿನಲ್ಲಿ ಉಳವಿ ಬದಿಯ ಒಂದು ಕೇರಿಯ ಮೂವತ್ತೆಂಟು ಮನೆಗಳು ಇನ್ನೇನು ಮುಗಿಯಬೇಕು, ಸಂಪರ್ಕ ಹೋಯಿತು. ಇಡೀ ಕೇರಿ ಮುಗಿಯದೆ ಕಡತವನ್ನು ಉಳಿಸಲು ಬರುತ್ತಿರಲಿಲ್ಲ. ಅವಳು ನಿಶ್ಚಿಂತೆಯಿಂದ ಮನೆಗೆ ಹೋದಳು. ಮರುದಿನ ಮಧ್ಯಾಹ್ನ ಸಂಪರ್ಕ ಸಿಕ್ಕಾಗ ಪರದೆ ಖಾಲಿ. ಫೋನ್ ಮಾಡಿದಳು.

"ಇವತ್ತು ಅಮಾಸಿ ಅಲ್ಲೇನ್ರೀ," ಎಂದ ತೋಟಪ್ಪ. "ಪೂಜಿಗೆ ಮಷಿನ್ ಆರಿಸಿದ್ವಿ. ಕುಂಕುಮ ಹಚ್ಚೋವಾಗ ಕರೆಂಟ್ ಹೊಡೀಬಾರ್ದಲ್ಲ."

"ನನ್ನ ಕೆಲ್ಸ ಒಳಗಿತ್ತಲ್ರೀ."

"ಲಾರಿ ಪೂಜಿ ಮಾಡೋವಾಗ ಒಳಗ ಲೋಡ್ ಐತಾ ಅಂತ ಯಾರ್ ನೋಡ್ತಾರ್ರೀ?" ನಕ್ಕವನು ತಟ್ಟನೆ ನಗು ನಿಲ್ಲಿಸಿದ. "ಮಷಿನ್ ಆರಿದ್ರ ಕಾಯ್ದಿಟ್ಟಿದ್ದು ಉಳಿಯಂಗಿಲ್ರೀ; ಇಷ್ಟ್ ದಿನ ಅಮಾಸಿಗೆ ಒಳಗ ಏನೂ ಇರ್ತಿರ್ಲಿಲ್ಲ."

ಅಂದೇ ಐದು ಗಂಟೆಗೆ ಪಟ್ಟಿ ಮುಚ್ಚಲಿತ್ತು. ಮರುದಿನ ಬೆಳಗ್ಗೆ ಶಿಕಾರಿಪುರದಿಂದ ಜೀಪು ಹೊರಡಲಿತ್ತು, ಪಟ್ಟಿಯಲ್ಲಿದ್ದಷ್ಟೇ ಡೋಸ್ ಹೊತ್ತು. ರೇಡಿಯೋವನ್ನು ಇನ್ನು ನಂಬಲಾರದೆ ಅವಳು ಮನೆಗಳ ಪುಸ್ತಕ ಹಿಡಿದು ಶಿಕಾರಿಪುರದ ಬಸ್ ಹತ್ತಿದಳು. ಬಸ್ ತಡವಾಗಿ, ಇಳಿದಾಗ ಐದೂಕಾಲು. ಕಚೇರಿಯಲ್ಲಿ ಲಸಿಕೆಯ ಹೊಣೆ ಹೊತ್ತ ಡಾಕ್ಟರ್ ಗಂಗಾಧರಪ್ಪ ಡೋಸ್ ತುಂಬಿದ ಐಸ್ ಪೆಟ್ಟಿಗೆಯ ಮುಚ್ಚಳ ಒತ್ತುತ್ತಿದ್ದರು.

"ಮುಂದಿನ ಸುತ್ತಿನಾಗ ಹಾಕೋಣಮ್ಮ."

"ಅದು ಯಾವಾಗ ಸಾರ್?"

"ಮ್ಯಾಲಿನೋರು ಹೇಳ್ತಾರ."

ಆ ಲಸಿಕೆ ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬ ಬಗ್ಗೆಯೇ ಅವಳಿಗೆ ಅನುಮಾನಗಳಿದ್ದವು. ಆದರೆ ಆ ವರ್ಷ ಮಂಗಗಳು ಸತ್ತುಬೀಳತೊಡಗಿದ್ದು ಆ ಕೇರಿಯ ಕಾಡಿನಲ್ಲೇ.

ಮರುಬೆಳಗ್ಗೆ ಉಳವಿಯ ಬಸ್ಸಿನಲ್ಲಿ ಅಲ್ಲಿಗೇ ಹೋದಳು. ಲಸಿಕೆ ಬರುತ್ತದೆಂದು ಕೆಲಸ ಬಿಟ್ಟು ಜನ ಕೂತಿದ್ದರು. ಎಲ್ಲರನ್ನೂ ಕೂಡಿಸಿದ್ದ ಹಿರಿಯಳು ದುರ್ಗಮ್ಮ ಕೇಳಿದಳು, "ಜೀಪೆಲ್ಲಿ ತಂಗಿ?"

ಸರ್ವಮಂಗಳ ಅಮಾವಾಸ್ಯೆಯ ಮಾತೆತ್ತಲಿಲ್ಲ. "ನಿಮ್ಮ ಹೆಸ್ರುಗಳನ್ನ ನಾನೇ ಅರ್ಧಕ್ಕೆ ಬಿಟ್ಟು ಹೋದೆ," ಎಂದಳು. "ಸೂಜಿ ಹಾಕೋ ತನ್ಕ ಕಾಡಿಗೆ ಹೋಗ್ಬೇಡಿ."

"ಒಲೆಗೆ ಅದು ಗೊತ್ತಾಗುತ್ತಾ?" ಎಂದಳು ದುರ್ಗಮ್ಮ.

ಬಿಸಿಲೇರುವ ಹೊತ್ತಿಗೆ ಹೆಂಗಸರು ಸೌದೆಯ ಹಗ್ಗ ಹಿಡಿದು ಎದ್ದರು. ಸರ್ವಮಂಗಳ ಅಡ್ಡ ನಿಲ್ಲಲಿಲ್ಲ.